ಜಡೆ ಬಿಚ್ಚಿ ನೋಡಿದ ದಿನ

ಕೂದಲಿದ್ದವಳು ಹೇಗೆ ಕಟ್ಟಿದರೂ ಚೆಂದ ಎಂಬ ಮಾತನ್ನು ಯಾರು ಮಾಡಿದರೋ, ಅವರ ತಲೆ ಎಂದೂ ತುರಿಸಿರಲಿಕ್ಕಿಲ್ಲ. ನನ್ನ ಜಡೆ ಮೊಣಕಾಲಿಗೆ ಬರುತ್ತಿತ್ತು. ಸವಣೂರಿನ ನಮ್ಮ ಓಣಿಯಲ್ಲಿ ಅದಕ್ಕೆ ದೃಷ್ಟಿ ಹಾಕದ ಹೆಂಗಸಿರಲಿಲ್ಲ. ಆದರೆ ಜಡೆಯ ಬುಡದಲ್ಲಿ ಏನು ನಡೆದಿದೆಯೆಂಬುದು ನನಗೂ ಅವ್ವನಿಗೂ ಮಾತ್ರ ಗೊತ್ತು. ಚಳಿಗಾಲದ ಗಾಳಿ ಬಿಟ್ಟಿತೆಂದರೆ ನೆತ್ತಿ ಒಣಗಿ ಬಿಗಿಯುತ್ತಿತ್ತು. ಕೆರೆದರೆ ಜೋಳದ ಹಿಟ್ಟು ಜರಡಿ ಹಿಡಿದಂತೆ ಬಿಳಿ ಹೊಟ್ಟು ಉದುರುತ್ತಿತ್ತು. ಕೆರೆದುಕೊಳ್ಳುವ ಸುಖವೇನು ಕಡಿಮೆಯೇ? ಅದನ್ನು ಯಾಕೆ ಮುಚ್ಚಿಡಲಿ. ಆಮೇಲೆ ಮಾತ್ರ ಉರಿ.

ಹಿರೇಕೆರೂರಿನ ಕಡೆಯಿಂದ, ಅಬಲೂರಿನ ಒಂದು ಮನೆಯವರು ನನ್ನನ್ನು ನೋಡಲು ಬರುತ್ತಾರೆಂಬ ಸುದ್ದಿ ಬಂದಾಗ ಅವ್ವ ಮೊದಲು ನೋಡಿದ್ದು ನನ್ನ ತಲೆಯ ಕಡೆ. ಆ ಕಾಲದಲ್ಲಿ ಹೆಣ್ಣು ನೋಡುವುದು ಮುಖ ನೋಡಿದರೆ ಮುಗಿಯುತ್ತಿರಲಿಲ್ಲ. ಚೌರಿ ಸೇರಿಸಿ ಜಡೆ ಉದ್ದ ಮಾಡಿ ತೋರಿಸುವವರಿದ್ದರು. ಹೀಗಾಗಿ ಗಂಡಿನ ತಾಯಿ ಹೆಣ್ಣಿನ ಹಿಂದೆ ಕುಳಿತು, ಜಡೆಯನ್ನು ತಾನೇ ಬಿಚ್ಚಿ, ಬುಡದವರೆಗೆ ಬೆರಳಾಡಿಸಿ ನೋಡುವುದು ರೂಢಿ. ಹಿಂದೆ ಹಾನಗಲ್ಲಿನಿಂದ ಬಂದವರು ಹಾಗೆ ನೋಡಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, "ತಿಳಿಸ್ತೀವ್ರಿ" ಎಂದು ಹೋದವರು ತಿಳಿಸಲೇ ಇಲ್ಲ. ಆ ಹುಡುಗಿಗೆ ಏನೋ ಚರ್ಮದ ಬೇನೆಯಂತೆ ಎಂಬ ಮಾತು ಮಾತ್ರ ಊರಲ್ಲಿ ಉಳಿಯಿತು. ಇವರೂ ಹಾಗೇ ಎದ್ದು ಹೋದರೆ ಇನ್ನು ಯಾರೂ ನಮ್ಮ ಹೊಸ್ತಿಲು ತುಳಿಯುವುದಿಲ್ಲವೆಂದು ಅವ್ವ ಅತ್ತಳು.

ಅತ್ತು ಸುಮ್ಮನಾಗುವವಳಲ್ಲ ಅವಳು. ಹೊಟ್ಟು ಎಂದರೆ ಹೊಲಸು, ತೊಳೆದರೆ ಹೋಗಲೇಬೇಕು ಎಂಬುದು ಅವಳ ತಿಳಿವಳಿಕೆ. ದಿನಾ ಬೆಳಗ್ಗೆ ನನ್ನನ್ನು ಬಚ್ಚಲಲ್ಲಿ ಕೂಡ್ರಿಸಿ, ಒಲೆಯ ಬೂದಿ ನೆನೆಸಿದ ನೀರು, ಅಂಟುವಾಳ ಕಾಯಿಯ ನೊರೆ ಸುರಿದು, ಹಂಚಿನ ತಳ ತಿಕ್ಕಿದಂತೆ ತಲೆ ತಿಕ್ಕಿದಳು. ಎಣ್ಣೆ ಮುಟ್ಟಗೊಡಲಿಲ್ಲ.

"ಎಣ್ಣಿ ಹಚ್ಚಿದ್ರ ಹೊಲಸು ಅಲ್ಲೇ ಕುಂದರತೈತಿ. ಅಳ್ಳಾಡಬ್ಯಾಡ," ಎನ್ನುತ್ತಿದ್ದಳು.

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡಿದ್ದಳು ನನ್ನವ್ವ. ತಿಕ್ಕಿದಷ್ಟೂ ನೆತ್ತಿ ಒಣಗಿತು, ಒಣಗಿದಷ್ಟೂ ಉದುರಿತು, ಉದುರಿದಷ್ಟೂ ಅವಳು ತಿಕ್ಕಿದಳು. ಕಣ್ಣಿಗೆ ನೊರೆ ಹೋಗಿ ನಾನು ಬಾಯಿಗೆ ಬಂದಂತೆ ಬಯ್ಯುತ್ತಿದ್ದೆ. ಆದರೆ ಆ ತೋಳಿನ ಬಲ, ಆ ಹಟ ನೆನೆದರೆ ಈಗಲೂ ಬೆರಗಾಗುತ್ತದೆ. ಮಗಳ ಬಾಳನ್ನು ಅವಳು ಎರಡು ಕೈಯಲ್ಲಿ ತಿಕ್ಕಿ ತೊಳೆಯಲು ಹೊರಟಿದ್ದಳು.

ಅವರು ಬಂದೇ ಬಿಟ್ಟರು. ಯುದ್ಧದ ಕಾಲ, ಅರಿವೆಗೂ ರೇಷನ್ನು. ಹರಿಯದ ಇಳಕಲ್ ಸೀರೆ ಮನೆಯಲ್ಲಿ ಒಂದೇ ಇತ್ತು, ಅದೂ ಗಾಢ ನೀಲಿ. ತಲೆಯ ಚಿಂತೆಯಲ್ಲಿ ಸೀರೆಯ ಬಣ್ಣದ ಕಡೆ ಯಾರ ಲಕ್ಷ್ಯವೂ ಹೋಗಲಿಲ್ಲ. ಪಡಸಾಲೆಯ ಒಂದು ಬದಿಗೆ ಅಪ್ಪ, ಗಂಡಿನ ತಂದೆ, ಒಂದಿಬ್ಬರು ಹಿರಿಯರು ಕುಳಿತಿದ್ದರು. ಗಂಡಿನ ತಾಯಿ ಎತ್ತರದ, ದೊಡ್ಡ ಕೈಗಳ ಹೆಂಗಸು. ಹಣೆಯಲ್ಲಿ ವಿಭೂತಿ, ಸೆರಗು ಹುಬ್ಬಿನ ತನಕ. ನನ್ನ ಹಿಂದೆ ಕುಳಿತು ಜಡೆ ಬಿಚ್ಚತೊಡಗಿದರು.

ಬೆರಳು ಬುಡ ಮುಟ್ಟಿದ್ದೇ ತಡ, ನೀಲಿ ಸೀರೆಯ ಹೆಗಲ ಮೇಲೆ ಬೆಳ್ಳಗೆ ಉದುರಿತು. ಗಂಡಸರಿಗೂ ಕಂಡಿತು. ಅಪ್ಪ ತಲೆ ತಗ್ಗಿಸಿದ. ಬಾಗಿಲಲ್ಲಿ ನಿಂತಿದ್ದ ಅವ್ವ ಎಲೆ-ಅಡಿಕೆಯ ತಟ್ಟೆಯನ್ನು ಕೆಳಗಿಟ್ಟಳು. ಎಲ್ಲ ಮುಗಿಯಿತು ಎಂದುಕೊಂಡೆ.

"ಎಷ್ಟು ತಿಕ್ಕೀರ್ರಿ ಈ ತಲಿ?" ಎಂದು ಗಂಡಿನ ತಾಯಿ ಅವ್ವನನ್ನು ಕೇಳಿದರು.

ಅವ್ವ ಸುಳ್ಳು ಹೇಳಲಿಲ್ಲ. "ದಿನಾ ತಿಕ್ಕೇನ್ರಿ. ಹೋಗವಲ್ದು."

"ಚರ್ಮಾ ಒಡದೈತ್ರಿ. ಬೂದಿ ಬಿಡ್ರಿ. ಒಂದೀಟು ಎಣ್ಣಿ ಬೆಚ್ಚಗ ಮಾಡಿ ತರ್ರಿ."

ಎಣ್ಣೆ ಬಂತು. ಹೆಣ್ಣನ್ನು ಪರೀಕ್ಷೆ ಮಾಡಲು ಬಂದ ಹೆಂಗಸು ಎಲ್ಲರ ಎದುರಿಗೆ ನನ್ನ ಕೂದಲನ್ನು ಎಳೆಎಳೆಯಾಗಿ ಬಿಡಿಸಿ ನೆತ್ತಿಗೆ ಎಣ್ಣೆ ಹಚ್ಚಿದರು. ಅಷ್ಟು ದೊಡ್ಡ ಕೈ ಅಷ್ಟು ಹಗುರ ಇರಬಹುದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ತಿಂಗಳುಗಟ್ಟಲೆ ಉರಿದ ತಲೆ ತಣ್ಣಗಾಯಿತು, ಕಣ್ಣು ತಾವಾಗಿ ತುಂಬಿದವು.

ಆಮೇಲೆ ಅವರು ಮಾಡಿದ್ದನ್ನು ನೆನೆದರೆ ಇಷ್ಟು ವರ್ಷವಾದರೂ ಮೈ ಜುಮ್ಮೆನ್ನುತ್ತದೆ. ಆ ಮನೆತನದ ಹೆಂಗಸರು ಪರಗಂಡಸರ ಎದುರು ಸೆರಗು ಸರಿಸಿದ್ದನ್ನು ಕಂಡವರಿರಲಿಲ್ಲ. ಅವರು ಸರಿಸಿದರು. ಎಣ್ಣೆಗೈಯಲ್ಲೇ ತಮ್ಮ ಕೂದಲನ್ನು ಬಿಡಿಸಿ, ತಲೆ ಬಗ್ಗಿಸಿ ಅವ್ವನಿಗೆ ತೋರಿಸಿದರು. ನನ್ನದರಂತೆಯೇ ಬಿಳಿ ಹೊಟ್ಟು, ಕೆರೆದು ಎದ್ದ ಕೆಂಪು ಗೀರು. ಅವರ ಗಂಡ ಗೋಡೆಯ ಕಡೆ ನೋಡತೊಡಗಿದರು.

"ಲಗ್ನಾಗಿ ಬಂದಾಗಿಂದ ಮುಚ್ಚಿಟ್ಟೇನ್ರಿ," ಎಂದರು, ಸೆರಗನ್ನು ಮತ್ತೆ ಎಳೆದುಕೊಳ್ಳದೆ. "ನನಗ ಎಣ್ಣಿ ಹಚ್ಚಾಕ ಆ ಮನ್ಯಾಗ ಯಾರೂ ಇಲ್ಲ. ಈಕೀನ್ನ ಕೊಡ್ರಿ. ನಾ ಈಕಿಗೆ ಹಚ್ತೇನಿ, ಈಕಿ ನನಗ ಹಚ್ಚಲಿ."