ಶಾಹಿದಾಳ ಕ್ಯಾಸೆಟ್ಟು

ಮೊನ್ನೆ ಸವಣೂರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಎಂಟು ನೂರು ಹೇಳಿದ ಟೇಪ್ ರೆಕಾರ್ಡರನ್ನು ನಾನು ನಾಲ್ಕು ನೂರಕ್ಕೆ ತಂದೆ. ಅದು ಹಾಡುವುದಿಲ್ಲ, ಆ ಕೊರತೆಯನ್ನೇ ಹಿಡಿದು ದರ ಇಳಿಸಿದೆ. ಹಾಡದ್ದನ್ನು ಯಾಕೆ ತಂದೆ ಎನ್ನುತ್ತೀರಾ? ಮುಚ್ಚಳ ತೆಗೆದಾಗ ಬಂದ ಹಳೆ ಪ್ಲಾಸ್ಟಿಕ್ಕಿನ ವಾಸನೆಗೆ ಕೊಟ್ಟ ದುಡ್ಡು ಅದು.

ಎಂಬತ್ತರ ದಶಕ. ಹಾನಗಲ್ಲಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ನಾವು ಇಂಗ್ಲಿಷ್ ಕಲಿಸುವುದನ್ನು ಕಲಿಯುತ್ತಿದ್ದೆವು. ಸವಣೂರಿನ ಶಾಹಿದಾ ಮನೆಯಿಂದ ಟೇಪ್ ರೆಕಾರ್ಡರ್ ತಂದಾಗ ಸಹಪಾಠಿ ಬಸವರಾಜನ ಮುಖ ಸಣ್ಣದಾಯಿತು.

"ಈ ಡಬ್ಬಿನ ಕಲಿಸಿದ್ರ ನಮಗ್ಯಾರು ಪಗಾರ ಕೊಡ್ತಾರ್ರೀ?"

"ನಿಮ್ಮ ಉಚ್ಚಾರ ಕೇಳಿದ್ರ ಡಬ್ಬಿಗೇ ಕೊಡ್ತಾರ ಬಿಡ್ರಿ," ಎಂದಳು ಶಾಹಿದಾ.

ನನ್ನ ಲೆಕ್ಕವೇ ಬೇರೆ. ಪಾಠೋಪಕರಣಕ್ಕೆ ಪ್ರತ್ಯೇಕ ಅಂಕವಿತ್ತು. ಹಾಗಾಗಿ ಚಾರ್ಟಿರಲಿ, ಗೊಂಬೆಯಿರಲಿ, ಎಲ್ಲವನ್ನೂ ಪರೀಕ್ಷಕರ ಕಡೆಗೆ ಮುಖ ಮಾಡಿ ಇಡುವುದು ನಮ್ಮ ಪದ್ಧತಿ. ಶಾಹಿದಾಳಿಗೆ ಚಾರ್ಟು ಬರೆದುಕೊಟ್ಟು ಅವಳ ಯಂತ್ರವನ್ನೂ ಇಂಗ್ಲಿಷ್ ಸಂಭಾಷಣೆಯ ಕ್ಯಾಸೆಟ್ಟನ್ನೂ ಎರವಲು ಪಡೆದೆ. ನಪಾಸಾದರೆ ಹುಲಗೂರಿನಲ್ಲಿ ಅಪ್ಪನ ಮೆಣಸಿನಕಾಯಿ ತಕ್ಕಡಿಯೇ ಗತಿ.

ಆಡೂರಿನ ಶಾಲೆಯಲ್ಲಿ ನನ್ನ ಪರೀಕ್ಷಾ ಪಾಠ. ಕ್ಯಾಸೆಟ್ಟಿನಲ್ಲಿ ಯಾರೋ ಪರದೇಶದವರು ಗಡಗಡ ಮಾತಾಡಿದರು. ಮಕ್ಕಳು ಡಬ್ಬಿಯ ಬೆನ್ನು ನೋಡುತ್ತ ಕುಳಿತರು. ಏನು ಕೇಳಿದರೂ ಒಬ್ಬರೂ ಬಾಯಿ ತೆರೆಯಲಿಲ್ಲ. ಪರೀಕ್ಷಕರು ಪೆನ್ನಿನ ಟೊಪ್ಪಿಗೆ ಹಾಕಿದರು.

ಪಾಠ ನೋಡಲು ಪಕ್ಕದಲ್ಲೇ ಕುಳಿತಿದ್ದ ಶಾಹಿದಾ ಪಿಸುಗುಟ್ಟಿದಳು: "ಹುಡುಗ್ರ ಕಡೆ ತಿರುಗಿಸು. ರೆಕಾರ್ಡಿನ ಕೆಂಪು ಬಟನ್ ಒತ್ತಿ ಅವರನ್ನ ಮಾತಾಡ್ಸು."

"ಕ್ಯಾಸೆಟ್ ಅಳಿಸಿ ಹೊಕ್ಕೈತಿ. ನಾಳೆ ಇದರ ಮ್ಯಾಲೇ ನಿನ್ನ ಪಾಠ ಐತಲ್ಲ?"

"ನಾಳೀದು ನಾಳೆ. ಮೊದಲ ನೀ ಪಾಸಾಗು."

ಒತ್ತಿದೆ. ಹಿಂದಿನ ಸಾಲಿನ ಗಂಗವ್ವ ಹೆದರುತ್ತ ತನ್ನ ಹೆಸರು, ಊರು ಇಂಗ್ಲಿಷಿನಲ್ಲಿ ಹೇಳಿದಳು. ಅದೇ ದನಿ ಡಬ್ಬಿಯಿಂದ ಬಂದಾಗ ಅವಳು ಸೆರಗಿನಂತೆ ಬರೆಯುವ ಪಾಟಿಯನ್ನು ಮುಖಕ್ಕೆ ಹಿಡಿದುಕೊಂಡಳು. ಆಮೇಲೆ "ಅಕ್ಕೋರ, ನಂದು... ನಂದು..." ಎಂದು ಇಡೀ ತರಗತಿ ಮೇಜಿಗೆ ಮುತ್ತಿತು.

"ಇನ್ನೊಮ್ಮೆ ಹಚ್ರಿ, ಕೇಳೂಣು," ಎಂದರು ಪರೀಕ್ಷಕರು, ಪೆನ್ನು ತೆರೆಯುತ್ತ.

ಮರುದಿನ ಶಾಹಿದಾ ಅದೇ ಆಡೂರಿನ ದನಿಗಳನ್ನು ಕೇಳಿಸಿ ಪಾಠ ಮಾಡಿ ಪಾಸಾದಳು. ಹೊಸ ಕ್ಯಾಸೆಟ್ಟಿನ ದುಡ್ಡು ಚಾಚಿದೆ.

"ಇದರಾಗೂ ವ್ಯಾಪಾರ ಮಾಡಬ್ಯಾಡ," ಎಂದು ನನ್ನ ಮುಷ್ಟಿ ಮಡಚಿದಳು.

ನಾನು ಶಿಕ್ಷಕಿಯಾಗಿ ಉಂಡ ಅನ್ನದಲ್ಲಿ ಅವಳ ಪಾಲಿದೆ. ಈಗ ತರಬೇತಿಯ ಹುಡುಗಿಯರು ಮೊಬೈಲು ಹಿಡಿದು ಸಲಹೆ ಕೇಳಲು ಬರುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಯಾವ ಯಂತ್ರ ಒಯ್ದರೂ ಮಕ್ಕಳ ಕಡೆಗೆ ತಿರುಗಿಸಿಡಿ. ಮಾತಾಡಲು ಹೆದರುವ ಮಗುವಿನಿಂದ ಶುರು ಮಾಡಿ. ಪಕ್ಕದಲ್ಲಿ ಒಬ್ಬ ಗೆಳತಿಯನ್ನು ಕೂಡಿಸಿಕೊಳ್ಳಿ. ಅವಳೊಂದಿಗೆ ಮಾತ್ರ ಚೌಕಾಸಿ ಮಾಡಬೇಡಿ.