ಹಲ್ಲಿಗೆ ಹಚ್ಚಿ ಆರಿಸಿದ ಕರಿಮಣಿ

ಗೋವಾಕ್ಕೆ ಜನ ರಜೆಗೆಂದು ಬರುತ್ತಾರೆ. ನಾನು ಮತ್ತು ಮುರುಗೆವ್ವ ಅವರ ಹಾಸಿಗೆ ಬಟ್ಟೆ ಬದಲಿಸಲು ಬಂದವರು. ಕೋಲ್ವಾದ ಒಂದು ಹೋಟೆಲಿನಲ್ಲಿ ಇಬ್ಬರಿಗೂ ರೂಮು ಗುಡಿಸಿ ಒರೆಸುವ ಕೆಲಸ, ಮೋತಿ ಡೊಂಗರ್ ಎಂಬ ಗುಡ್ಡದ ಮೇಲಿನ ವಸತಿಯಲ್ಲಿ ಒಂದೇ ಗೋಡೆಯ ಆಚೆ ಈಚೆ ಮನೆ. ಮಳೆಗಾಲದಲ್ಲಿ ಗಿರಾಕಿ ಕಡಿಮೆಯಾದಾಗ ಹೋಟೆಲಿನವರು ನಮಗೂ ರಜೆ ಕೊಡುತ್ತಾರೆ. ಆಗ ನಾವೆಲ್ಲ ಗಂಟುಮೂಟೆ ಕಟ್ಟಿ ಊರಿನ ಬಸ್ಸು ಹತ್ತಿದರೆ, ಮುರುಗೆವ್ವ ಛತ್ರಿ ಹಿಡಿದು ಮಣಿ ಅಂಗಡಿ ಹುಡುಕುತ್ತ ಹೊರಡುತ್ತಾಳೆ. ಊರಿಗೇ ಒಂದು ದಾರಿ, ಇವಳಿಗೇ ಒಂದು ದಾರಿ.

"ಟೂರಿಸ್ಟರು ತಿರಗಿದ್ರ ಶಾಪಿಂಗು, ನಾ ತಿರಗಿದ್ರ ಹುಚ್ಚೇನ?" ಎಂದು ಕೇಳುತ್ತಾಳೆ.

ಒಮ್ಮೆ ಅಂಥ ರಜೆಯಲ್ಲಿ ಪಣಜಿಯ ಕರಕುಶಲ ಮೇಳಕ್ಕೆ ನಾನೂ ಹೋಗಿ ಕಾಲು ನೋಯಿಸಿಕೊಂಡೆ. ಇವಳು ಒಂದೊಂದು ಮಣಿಯನ್ನೂ ಹಲ್ಲಿಗೆ ಹಚ್ಚಿ ನೋಡುತ್ತಾಳೆ. ಗಾಜಿನದಾದರೆ ತಣ್ಣಗಿರುತ್ತದಂತೆ, ಪ್ಲಾಸ್ಟಿಕ್ಕಿನದು ಹಾಗಿರುವುದಿಲ್ಲವಂತೆ. ಮಣಿ ಮಾರುತ್ತಿದ್ದ ಲಂಬಾಣಿ ಹೆಂಗಸು ರೂಪಿಬಾಯಿ ರೇಗಿದಳು.

"ಏ ಅವ್ವಾ, ಮಣಿ ಕೊಳ್ಳಾಕ ಬಂದೀಯೋ, ತಿನ್ನಾಕ ಬಂದೀಯೋ?"

"ಮಗಳ ಕೊಳ್ಳಾಗ ಬೀಳೂದೈತಿ. ನೋಡದ ಹ್ಯಾಂಗ ತಗೊಳ್ಳಲಿ?" ಎಂದ ಮುರುಗೆವ್ವ ಇನ್ನೊಂದು ಮಣಿ ಹಚ್ಚಿದಳು. ಕರಿಮಣಿಯ ಜೊತೆಗೆ ಕೆಂಪು ಮಣಿಯ ಒಂದು ಸರವನ್ನೂ ಕೊಂಡಳು. ಅದು ಯಾರಿಗೆ ಎಂದದ್ದಕ್ಕೆ ಮಾತು ತೇಲಿಸಿದಳು.

ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಅವಳ ಗಂಡ ಜ್ವರದಲ್ಲಿ ತೀರಿಕೊಂಡಾಗ ಮಗಳು ಪ್ರತಿಮಾ ಇನ್ನೂ ಕೈಗೂಸು. ಮುರುಗೆವ್ವನ ಕೊರಳು ಬರಿದು ಮಾಡಲು ಗಂಡನ ಕಡೆಯವರೆಲ್ಲ ಬಂದರು. ಕೂಸನ್ನು ಸಾಕಲು ಯಾರೂ ಬರಲಿಲ್ಲ. ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಪ್ರತಿಮಾಳ ಮದುವೆ ಗೊತ್ತಾಯಿತು. ಮಗಳ ತಾಳಿಯ ಕರಿಮಣಿಯನ್ನು ತಾನೇ ಪೋಣಿಸಬೇಕು ಎಂಬುದು ಮುರುಗೆವ್ವನ ಒಂದೇ ಹಟ. ನಮ್ಮಲ್ಲಿ ಅದು ಮುತ್ತೈದೆಯರು ಕೂತು ಮಾಡುವ ಕೆಲಸ. ಗಂಡ ಸತ್ತವಳ ಕೈ ತಾಗಬಾರದು. ಮದುವೆಯ ಹಿಂದಿನ ದಿನ ಮುರುಗೆವ್ವನ ಗಂಡನ ಅಕ್ಕ ಸುಂದರವ್ವ ಬಂದಿಳಿದು, ಚಾಪೆ ಹಾಸಿಸಿ, ನನ್ನನ್ನೂ ಸೇರಿಸಿ ಮುತ್ತೈದೆಯರನ್ನು ಕೂರಿಸಿದಳು. ಮುರುಗೆವ್ವ ಮಣಿಯ ಡಬ್ಬಿ ಹಿಡಿದು ಬಂದು ನಡುವೆ ಕೂತೇಬಿಟ್ಟಳು.

"ಏಳಲ್ಲಿಂದ. ಡಬ್ಬಿ ಇಲ್ಲಿ ಕೊಡು," ಎಂದಳು ಸುಂದರವ್ವ. "ನಿನ್ನ ಕೈ ಹತ್ತಿದ ಮಣಿ ಹುಡುಗಿ ಕೊಳ್ಳಿಗೆ ಬ್ಯಾಡ."

ಮುರುಗೆವ್ವ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದಳು. "ಅಕ್ಕಾರ, ಇದರಾಗಿನ ಒಂದೊಂದು ಮಣಿಗೂ ನನ್ನ ಕೈ ಹತ್ತೈತ್ರಿ. ಕೈಯಷ್ಟ ಅಲ್ಲ, ಹಲ್ಲೂ ಹತ್ತೈತಿ. ನಾ ಮುಟ್ಟಲಾರದ್ದು ಒಂದರ ಇದ್ರ ಹೆಕ್ಕಿ ತಗೋರಿ. ಅದನ್ನ ನೀವ ಪೋಣಸ್ರಿ."

ಸುಂದರವ್ವ ನಿಜಕ್ಕೂ ಬಗ್ಗಿ ಡಬ್ಬಿಯೊಳಗೆ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ.

"ಬ್ಯಾರೆ ಮಣಿ ತರಸ್ತೀನಿ," ಎಂದು ಅವಳು ಎದ್ದಳು.

ಅಷ್ಟರಲ್ಲಿ ಪ್ರತಿಮಾ ಅರಿಷಿಣದ ಮೈಯಲ್ಲೇ ಬಂದು ತಾಯಿಯ ಮುಂದೆ ಕೂತು ಕೊರಳು ಬಗ್ಗಿಸಿದಳು. "ಅವ್ವಾ, ಅಳತಿ ತಗೋ. ನಾ ಬ್ಯಾರೆ ಯಾವುದೂ ಕಟ್ಟಿಸ್ಕೊಳ್ಳಾಂಗಿಲ್ಲ."

ನಾನು ಸೂಜಿಗೆ ದಾರ ಏರಿಸಿ ಮುರುಗೆವ್ವನ ಕೈಗೆ ಕೊಟ್ಟೆ.

"ದ್ರಾಕ್ಷಾಯಿಣಿ, ನಿನ್ನ ಮುತ್ತೈದಿತನಕ್ಕ ಇದು ಚಲೋ ಅಲ್ಲ," ಎಂದಳು ಸುಂದರವ್ವ.

"ಅದನ್ನ ನಾ ನೋಡ್ಕೊಂತೀನ್ರಿ," ಎಂದೆ.

ಮುರುಗೆವ್ವ ಯಾರ ಮುಖವನ್ನೂ ನೋಡದೆ ಪೋಣಿಸಿದಳು. ಕೊನೆಯ ಮಣಿ ಏರಿಸಿ ಗಂಟು ಹಾಕಿದ ಮೇಲೆಯೇ ಎದ್ದಳು.

ಮರುದಿನ ಅಕ್ಷತೆ ಬೀಳುವ ಹೊತ್ತಿಗೆ ಅವಳು ಎಲ್ಲರ ಹಿಂದೆ ಅಲ್ಲ, ಮಗಳ ಪಕ್ಕದಲ್ಲೇ ಬಂದು ನಿಂತಳು. ಕೊರಳಲ್ಲಿ ಕೆಂಪು ಮಣಿಯ ಸರವಿತ್ತು. ಸುಂದರವ್ವ ಹತ್ತಿರ ಸರಿದು, "ಇದ್ಯಾರದು?" ಎಂದು ಹಲ್ಲು ಕಚ್ಚಿ ಕೇಳಿದಳು.

"ನಂದ್ರಿ," ಎಂದಳು ಮುರುಗೆವ್ವ. "ರಜಾದಾಗ ತಗೊಂಡೀನಿ."