ಅಜ್ಜಿ ಕೂತ ಗೋಡೆ

ಪುಕ್ಕಟೆ ಸಿಕ್ಕಿದ್ದನ್ನು ನಾನು ಮೂಸಿ ನೋಡದೆ ಮುಟ್ಟುವವನಲ್ಲ. ಹಾಗಾಗಿ ಊರಿನ ಕಲಾಸಂಘದವರು ಬಂದು, 'ನಿಮ್ಮ ಬೀದಿ ಕಡೆ ಗೋಡೆ ಕೊಡಿ ಸಾರ್, ಚಿತ್ರ ಬರೆಸ್ತೀವಿ. ಬಣ್ಣ ನರಸಾಪುರದ ಕಂಪನಿಯೋರು ಕೊಡ್ತಾರೆ' ಅಂದಾಗ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಗುಮಾನಿ. ಅಲ್ಲಿನ ಫ್ಯಾಕ್ಟರಿಗೂ ಶ್ರೀನಿವಾಸಪುರದ ನನ್ನ ಗೋಡೆಗೂ ಎಲ್ಲಿಯ ನೆಂಟಸ್ತಿಕೆ? ನಾಳೆ ಎಲೆಕ್ಷನ್ ಬಂದರೆ ಅದೇ ಗೋಡೆಯ ಮೇಲೆ ಯಾರ ಮುಖ ಕೈಮುಗಿದು ನಗುತ್ತದೋ ಯಾರಿಗೆ ಗೊತ್ತು.

ಆ ಗೋಡೆ ನಮಗೇ ಬೇಕಾಗಿತ್ತು. ನನ್ನ ಹೆಂಡತಿ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ದೇವರನಾಮ, ನಾಟಕದ ತೆಲುಗು ಪದ್ಯ, ಶಾಲೆಯ ವಾರ್ಷಿಕೋತ್ಸವಕ್ಕೆ ಬೇಕಾದ್ದು, ಎಲ್ಲವೂ ಉಂಟು. ಪಾಠದ ಕೋಣೆಗೆ ಬೀದಿಯಿಂದ ಬಾಗಿಲಿಲ್ಲ. ಮಕ್ಕಳು ಪಕ್ಕದ ಮನೆಯವರ ಹಿತ್ತಲು ದಾಟಿ ಬರಬೇಕು. ಆ ಮಹಾರಾಯರಿಗೆ ಮುನಿಸು ಬಂದ ದಿನ ದಾರಿಗೆ ಅಡ್ಡಲಾಗಿ ಹಸು ಕಟ್ಟುತ್ತಾರೆ, ಅದೋ ಹಾಯುವ ಹಸು. ಹೀಗಾಗಿ ಮಕ್ಕಳು ಒಬ್ಬೊಬ್ಬರೇ ಬಿಟ್ಟುಹೋಗುತ್ತಿದ್ದರು. ಬೀದಿಗೋಡೆ ಒಡೆದು ಬಾಗಿಲಿಟ್ಟರೆ ಪಾಠ ಉಳಿಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಮಾವಿನ ಸುಗ್ಗಿ ಮುಗಿದ ಮೇಲೆ ಬರುತ್ತೇನೆಂದು ಮೇಸ್ತ್ರಿ ಮಾತು ಕೊಟ್ಟಿದ್ದ.

'ಬಾಗ್ಲಿಗೆ ಜಾಗ ಬಿಟ್ಟು ಬರೀಲಿ ಬಿಡಿ. ಹಾಡು ಹೇಳ್ಕೊಡೋ ಮನೆಯೋರೇ ಚಿತ್ರ ಬೇಡ ಅಂದ್ರೆ ಹೆಂಗೆ?' ಅಂದಳು ಹೆಂಡತಿ.

ನಾನು ಒಂದೇ ಷರತ್ತು ಹಾಕಿದೆ: ದೇವರು ಕೂಡದು. ನಮ್ಮ ಕಡೆ ಗೋಡೆಗೆ ಯಾರೂ ಉಚ್ಚೆ ಹೊಯ್ಯದಿರಲಿ ಎಂದು ದೇವರ ಟೈಲ್ಸ್ ಅಂಟಿಸುತ್ತಾರೆ. ಇವತ್ತು ಟೈಲ್ಸು, ನಾಳೆ ಕರ್ಪೂರ, ನಾಡಿದ್ದು ಹುಂಡಿ. ಕೋಲಾರದಲ್ಲಿ ನನಗೆ ಗೊತ್ತಿದ್ದವರೊಬ್ಬರು ಹೀಗೆಯೇ ಕಾಂಪೌಂಡಿನ ಮೂಲೆ ಕಳೆದುಕೊಂಡು, ಈಗ ಸ್ವಂತ ಜಾಗಕ್ಕೆ ಪ್ರದಕ್ಷಿಣೆ ಹಾಕುತ್ತಾರೆ.

ಚಿತ್ರ ಬರೆಯಲು ಬಂದವರು ಮುಳಬಾಗಿಲಿನ ಸಾಬರು, ಅಂಗಡಿ ಬೋರ್ಡು ಬರೆಯುವವರು. 'ದೇವ್ರು ಬೇಡ ಅಂದ್ರೆ ಬೇಡ ಸಾರ್. ಈ ಊರೋರದೇ ಒಂದು ಮುಖ ಕೊಡಿ' ಅಂದರು. ಹೆಂಡತಿ ಒಳಗೆ ಹೋಗಿ ತನ್ನ ಅಜ್ಜಿಯ ಫೋಟೋ ತಂದಳು. ತಾಯಿಯಿಲ್ಲದ ಅವಳನ್ನು ಸಾಕಿದ ಅಜ್ಜಿ, ಮಾವಿನ ಮಂಡಿಯಲ್ಲಿ ಹಣ್ಣು ಆರಿಸುತ್ತಾ ಹಾಡಿಕೊಳ್ಳುತ್ತಿದ್ದವಳು. ಇವಳ ಹಾಡೆಲ್ಲ ಅಲ್ಲಿಂದಲೇ ಬಂದದ್ದು. ವಾರದೊಳಗೆ ನಮ್ಮ ಗೋಡೆಯ ಮೇಲೆ ಆಳೆತ್ತರದ ಅಜ್ಜಿ ಬುಟ್ಟಿ ಮುಂದಿಟ್ಟುಕೊಂಡು ಕೂತಳು. ಬಸ್ಸಿಗೆ ಹೋಗುವವರೆಲ್ಲ ನಿಂತು ನೋಡಿದರು. ಅಷ್ಟು ಚೆನ್ನಾಗಿ ಬಂದದ್ದೇ ನನಗೆ ಹಿಡಿಸಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ನೋಡುತ್ತೇನೆ, ಬರೆದಾಗ ಬರಿದಾಗಿದ್ದ ಹಣೆಯ ಮೇಲೆ ಕುಂಕುಮ. ಮುಂದಿನ ವಾರ ಕನಕಾಂಬರ. ಆಮೇಲೆ ನಿಂಬೆಹಣ್ಣಿನ ದೀಪ. ಮೊದಲು ಸಂಘದವರ ಮೇಲೆ ಅನುಮಾನ ಬಂತು, ಆಮೇಲೆ ಬಣ್ಣ ಕೊಟ್ಟವರ ಮೇಲೆ, ಕೊನೆಗೆ ಅದು ಹಸುವಿನ ಯಜಮಾನರ ಮೇಲೆ ಬಂದು ನಿಂತಿತು. ಮೇಸ್ತ್ರಿ ಬಾಗಿಲಿನ ಅಳತೆಗೆ ಬಂದ ದಿನ ಮೊದಲು ಬಾಯಿ ಹಾಕಿದವರೂ ಅವರೇ.

'ಅಮ್ಮೋರ ಪಕ್ಕದಲ್ಲಿ ಗಡಾರಿ ಹಾಕಿ ಗೋಡೆ ಒಡೀತೀರಾ? ಮಕ್ಳು ಚಪ್ಪಲಿ ಕಾಲಲ್ಲಿ ಇಲ್ಲೇ ಓಡಾಡ್ಬೇಕಾ?'

'ಯಾವ ಅಮ್ಮೋರ್ರೀ? ಇದು ನನ್ನ ಹೆಂಡ್ತಿ ಅಜ್ಜಿ. ಮಂಡೀಲಿ ಹಣ್ಣು ಆರಿಸ್ತಿದ್ಲು, ನೀವೂ ನೋಡಿದೀರ' ಅಂದೆ.

ಹೂವು ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಸಮಾಧಾನ ಹೇಳುವ ದನಿಯಲ್ಲಿ, 'ಕಾನೀ ನಾಯ್ನಾ, ಆಗ್ಲಿ ಬಿಡಪ್ಪ. ದೇವ್ರು ಅಂದ್ಮೇಲೆ ಯಾರ ಮನೇಲಾದ್ರೂ ಹುಟ್ಲೇಬೇಕಲ್ಲ' ಅಂದಳು. ಮೇಸ್ತ್ರಿ ಟೇಪು ಸುತ್ತಿಕೊಂಡ. ಹೊರಡುವ ಮುಂಚೆ ಅವನೂ ಕೆನ್ನೆ ಮುಟ್ಟಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು.

ಮಾರನೆಯ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಹೊರಟೆ. ಕುಂಕುಮ ಹೋದರೆ ದೇವರೂ ಹೋಗುತ್ತದೆ, ಬರೀ ಅಜ್ಜಿ ಉಳಿಯುತ್ತಾಳೆ ಅಂತ ನನ್ನ ಲೆಕ್ಕಾಚಾರ. ಗೋಡೆಯ ಹತ್ತಿರ ಯಾರೋ ಅಜ್ಜಿಯ ಹಣೆಗೆ ಕೈ ಚಾಚಿ ನಿಂತಿದ್ದರು. ಕಳ್ಳ ಸಿಕ್ಕಿಬಿದ್ದ ಅಂದುಕೊಂಡು ಸದ್ದಿಲ್ಲದೆ ಹತ್ತಿರ ಹೋದೆ. ನನ್ನ ಹೆಂಡತಿ.

'ಮೊದಲ್ನೇ ಶುಕ್ರವಾರ ಇಟ್ಟಿದ್ದೂ ನಾನೇ' ಅಂದಳು, ನಾನು ಕೇಳುವ ಮೊದಲೇ. 'ದೇವ್ರು ಅಂತ ಅಲ್ಲ. ಹೂವು, ದೀಪ ಎಲ್ಲ ಊರೋರು ಸೇರಿಸಿದ್ದು.'

ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಪಾಪ, ಹಸುವಿನ ಯಜಮಾನರನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೆ. ಬಟ್ಟೆಯನ್ನು ಅವಳ ಕಡೆ ಚಾಚಿದೆ. 'ಹಂಗಾದ್ರೆ ನೀನೇ ಒರೆಸು. ಮೊಮ್ಮಗಳೇ ಒರೆಸಿದ್ರೆ ಯಾರೂ ಮಾತಾಡಲ್ಲ. ಬಾಗ್ಲು ಇಡಿಸ್ಕೋಬಹುದು.'

ಅವಳು ತೆಗೆದುಕೊಳ್ಳಲಿಲ್ಲ.

'ತಾತ ಹೋದಾಗ ಅವ್ಳಿಗೆ ಇಪ್ಪತ್ತೂ ತುಂಬಿರ್ಲಿಲ್ವಂತೆ. ಹೆಂಗಸ್ರೆಲ್ಲ ಹಿಡ್ಕೊಂಡು ಒರೆಸಿದ್ರಂತೆ. ಆ ಹಣೇಲಿ ಕುಂಕುಮ ನಾನು ಒಂದಿನಾನೂ ನೋಡಿಲ್ಲ. ಸತ್ತಾಗ ಇಡೋಕೆ ಹೋದೆ, ಕೈ ಹಿಡ್ಕೊಂಡ್ರು.'

ಚಾಚಿದ್ದ ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಆದರೂ ಕೇಳದೆ ಇರಲಾಗಲಿಲ್ಲ. 'ಮತ್ತೆ ಪಾಠ?'

'ನಿಂತ್ರೆ ನಿಲ್ಲಲಿ. ಒಂದ್ಸಲ ಒರೆಸಿದಾರೆ. ಇನ್ನೊಂದ್ಸಲ ನನ್ ಕೈಲಿ ಆಗಲ್ಲ.'

ಮೇಸ್ತ್ರಿಗೆ ಫೋನ್ ಮಾಡಿ ಬರಬೇಡ ಎಂದವನು ನಾನೇ.